ನಾವೇ ಬರೆದ ನಾಳೆ

ನಮ್ಮ ಶಾಲೆಯನ್ನು ಮುಚ್ಚಿದವರು ನಾವೇ ಅಂತೆ. ಶಿಕ್ಷಣ ಕಚೇರಿಯವರ ಬಾಯಲ್ಲಿ ಇವತ್ತಿಗೂ ಇದೇ ಮಾತು. ಟೀಚರುಗಳೇ ಕೂತು, ಟೀಚರುಗಳೇ ಯೋಚಿಸಿ, ಟೀಚರುಗಳೇ ಬರೆದುಕೊಟ್ಟರು, ನಾವು ಅವರ ಮಾತಿಗೆ ಬೆಲೆ ಕೊಟ್ಟೆವು ಅಷ್ಟೆ ಅನ್ನುತ್ತಾರೆ. ಇದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಉರಿದು ಏನು ಬಂತು. ಉರಿಯುವುದು ನನ್ನ ಮೈ, ಅವರ ಕಚೇರಿಯಲ್ಲ.

ನಾನು ರೊಸೆಂದಾ ಪಾಯಿಲಾವ್. ಪುನಿಲ್ವೆಯ ಶಾಲೆಯಲ್ಲಿ ಟೀಚರ್ ಆಗಿದ್ದವಳು, ಅದೇ ಕೇರಿಯಲ್ಲಿ ಹುಟ್ಟಿದವಳು. ನಮ್ಮದು ಕಡಲ ಅಂಚಿನ ಮಾಪುಚೆ ಕೇರಿ, ಈ ನೆಲದ ಮೂಲದ ಜನ ನಾವು. ಕಡಲು ಇಳಿದಾಗ ಬಂಡೆಗಳಿಗೆ ಹೋಗಿ ಪಾಚಿ ಕೊಯ್ಯುವುದು, ಒಣಗಿಸುವುದು, ಕಟ್ಟು ಕಟ್ಟಿ ಪಟ್ಟಣಕ್ಕೆ ಮಾರುವುದು. ಹೆಂಗಸು ಗಂಡಸು ಅಂತಿಲ್ಲ, ಎಲ್ಲರೂ ಸೊಂಟದವರೆಗೆ ನೀರಿನಲ್ಲಿ. ಚಳಿಗಾಲದಲ್ಲಿ ಆ ನೀರಿಗೆ ಇಳಿದರೆ ಕಾಲು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಒದ್ದೆ ಪಾಚಿಯ ಹೊರೆ ಹೊತ್ತು ದಿಬ್ಬ ಹತ್ತುವಾಗ ಬೆನ್ನ ಮೇಲೆ ಉಪ್ಪುನೀರು ಸುರಿಯುತ್ತದೆ. ಚರ್ಮ ಬಿರಿಯುತ್ತದೆ. ಬಿರಿದ ಕಡೆ ಉಪ್ಪು ಕೂರುತ್ತದೆ. ಕೆಲಸ ಸಿಕ್ಕಿದ ಮೇಲೂ ರಜೆಯಲ್ಲಿ ನಾನು ಅಮ್ಮನ ಜೊತೆ ಇಳಿಯುತ್ತಿದ್ದೆ. ಹಾಗಾಗಿ ನನ್ನ ಕೈ ಕೇರಿಯ ಕೈಯಾಗಿಯೇ ಉಳಿಯಿತು.

ಒಮ್ಮೆ ಪರೀಕ್ಷೆಯ ತರಬೇತಿಗೆಂದು ಪಟ್ಟಣದ ಕಚೇರಿಗೆ ಹೋಗಿದ್ದೆ. ಬಾಗಿಲಲ್ಲಿದ್ದ ಹೆಂಗಸು ನನ್ನ ಕೈ ನೋಡಿ, ಗುಡಿಸುವವರು ಹಿಂದಿನ ಬಾಗಿಲಿಂದ ಬರಬೇಕು ಅಂದಳು. ನಾನು ಟೀಚರ್ ಅಂದೆ. ಯಾವ ಊರು ಅಂದಳು. ಪುನಿಲ್ವೆ ಅಂದೆ. ಓ, ಕೆಂಪು ಶಾಲೆ ಅಂದಳು. ಅದಕ್ಕಿಂತ ಹಿಂದಿನ ಬಾಗಿಲೇ ವಾಸಿಯಿತ್ತು.

ಕೆಂಪು ಅಂದರೆ ಗೇಟಿಗೆ ಹೊಡೆದ ತಗಡಿನ ಬಣ್ಣ. ವರ್ಷಕ್ಕೊಮ್ಮೆ ರಾಜಧಾನಿಯಿಂದ ಪರೀಕ್ಷೆ ಬರುತ್ತದೆ. ಮಕ್ಕಳ ಅಂಕ ಕೂಡಿಸಿ, ಭಾಗಿಸಿ, ಶಾಲೆಗೆ ಒಂದು ಬಣ್ಣ ಹಚ್ಚುತ್ತಾರೆ. ಹಸಿರು, ಹಳದಿ, ಕೆಂಪು. ಮಗು ಹಸಿದು ಬಂತೋ, ರಾತ್ರಿಯಿಡೀ ಪಾಚಿ ಕಟ್ಟಿ ಬಂತೋ, ಆ ತಗಡಿಗೆ ಗೊತ್ತಿಲ್ಲ. ದಾರಿಹೋಕರಿಗೂ ಕಾಣಲಿ ಅಂತ ತಗಡನ್ನು ಎತ್ತರಕ್ಕೆ ಹೊಡೆದಿದ್ದರು. ನಮ್ಮ ಮಕ್ಕಳು ದಿನಾ ಅದರ ಕೆಳಗೇ ಹಾದು ಒಳಗೆ ಬರಬೇಕು.

ಈ ಬಣ್ಣಕ್ಕೆ ಎಲ್ಲ ಶಾಲೆಗಳೂ ಕಂಡುಕೊಂಡ ಮದ್ದು ಒಂದೇ. ಪರೀಕ್ಷೆಯ ದಿನ ದಡ್ಡ ಮಕ್ಕಳು ಶಾಲೆಗೆ ಬರಬಾರದು. ಹಿಂದಿನ ದಿನ ಮನೆಗೆ ಹೋಗಿ, ನಾಳೆ ಇವಳಿಗೆ ಜ್ವರ ಬರಲಿ ಎಂದು ಹೇಳಿಬರುವುದು. ಪಟ್ಟಣದ ಹಸಿರು ಶಾಲೆಯಲ್ಲಂತೂ ಆ ದಿನ ಊರಿಗೆ ಊರೇ ಜ್ವರ. ನಮ್ಮ ಹೆಡ್‌ಮಾಸ್ಟರ್ ದೋನ್ ಲಿಸಾರ್ದೊ ಕೆಟ್ಟವರಲ್ಲ. ಸ್ವಂತ ದುಡ್ಡಿನಲ್ಲಿ ಒಲೆಗೆ ಸೌದೆ ತರಿಸುತ್ತಿದ್ದರು. ಆದರೆ ಈ ಜ್ವರದ ಕೆಲಸವನ್ನು ಅವರೂ ಮಾಡುತ್ತಿದ್ದರು. ಮಾಡಿ ಬಂದ ಸಂಜೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಆ ವರ್ಷದ ಜ್ವರ ದೋರಲಿಸಳಿಗೆ ಬರಬೇಕಿತ್ತು. ನನ್ನ ತರಗತಿಯ ಹುಡುಗಿ. ಎಳೆಯದರಲ್ಲಿ ಕಾಯಿಲೆ ಬಂದು ಒಂದು ಕಿವಿ ಕೇಳುತ್ತಿರಲಿಲ್ಲ. ಅಕ್ಷರ ಒಂದಕ್ಕೊಂದು ಕಲೆಸಿಹೋಗುತ್ತಿದ್ದವು. ತಾಯಿ ರಾಜಧಾನಿಯಲ್ಲಿ ಮನೆಗೆಲಸಕ್ಕಿದ್ದಳು, ಸಾಕಿದವಳು ಅಜ್ಜಿ ಎದೂವಿ. ಇಂಥ ಮಕ್ಕಳ ಬಗ್ಗೆ ಬರೆಯುವವರು ಕೊನೆಗೆ ಅವರಲ್ಲಿ ಯಾವುದೋ ಅಡಗಿದ ಪ್ರತಿಭೆ ತೋರಿಸುತ್ತಾರೆ. ದೋರಲಿಸಳಲ್ಲಿ ಅಂಥದ್ದೇನೂ ಇರಲಿಲ್ಲ. ಚಿತ್ರ ಬರೆಯುತ್ತಿರಲಿಲ್ಲ, ಹಾಡುತ್ತಿರಲಿಲ್ಲ. ಮಗುವಾಗಿದ್ದಳು, ಅಷ್ಟು ಸಾಕು. ಕೇಳುವ ಕಿವಿ ನನ್ನ ಕಡೆಗಿರಲಿ ಎಂದು ಮೊದಲ ಬೆಂಚಿನ ಎಡತುದಿಯಲ್ಲಿ ಕೂರುತ್ತಿದ್ದಳು. ನಮ್ಮಲ್ಲಿ ಮಕ್ಕಳು ಟೀಚರನ್ನು ಚಿಕ್ಕಮ್ಮ ಅಂತಲೇ ಕರೆಯುವುದು. ಚಿಕ್ಕಮ್ಮಾ, ಇನ್ನೊಂದು ಸಲ ಹೇಳಿ ಅನ್ನುವುದು ಅವಳ ದಿನದ ಮಾತು. ನಾನು ಹೇಳುತ್ತಿದ್ದೆ.

ಆ ಚಳಿಗಾಲದಲ್ಲಿ ಕಚೇರಿಯಿಂದ ಸುದ್ದಿ ಬಂತು. ಶಿಕ್ಷಕರಿಗೆ ಭವಿಷ್ಯದ ಶಿಬಿರ. ಮುಂದೆ ಏನಾಗಬೇಕು ಎಂದು ಶಿಕ್ಷಕರೇ ಯೋಚಿಸಬೇಕಂತೆ, ಚುಕ್ಕಾಣಿ ಶಿಕ್ಷಕರ ಕೈಗೇ ಬರಬೇಕಂತೆ. ಹೆಡ್‌ಮಾಸ್ಟರೂ ಸೇರಿ ನಾವು ನಾಲ್ವರು ಟೀಚರುಗಳೂ ನಕ್ಕೆವು. ಶಾಲೆಯ ಮಾಡು ಸೋರುತ್ತಿತ್ತು, ಮೊದಲು ಬಕೆಟ್ಟು ಕೈಗೆ ಬರಲಿ ಅಂದೆವು.

ಶಿಬಿರ ನಡೆಸಲು ಬಂದವಳು ಮಾಕರೆನಾ ಎಂಬ ಹುಡುಗಿ, ರಾಜಧಾನಿಯವಳು. ಹೊಸ ಬೂಟು ಹಾಕಿಕೊಂಡು ಕೆಸರಲ್ಲಿ ಜಾರಿ ಬಿದ್ದೇ ಒಳಗೆ ಬಂದಳು. ನಾವು ಕೊಟ್ಟ ಹುರಿಹಿಟ್ಟಿನ ಗಂಜಿಯನ್ನು ಮುಖ ಕಿವುಚದೆ ಕುಡಿದಳು. ಆಮೇಲೆ ನಮ್ಮ ಮುಂದೆ ಕೂತು ಹೇಳಿದಳು.

"ನಿಮ್ಮನ್ನ ಇಷ್ಟು ವರ್ಷ ಬರೀ ಅಳೆದಿದಾರೆ. ಯಾರೂ ಏನೂ ಕೇಳಿಲ್ಲ. ನಾನು ಕೇಳೋಕೆ ಬಂದಿದೀನಿ. ನಿಮಗೇನು ಬೇಕು?"

ಅಷ್ಟು ವರ್ಷದ ನೌಕರಿಯಲ್ಲಿ ನನ್ನಿಂದ ಏನು ಬೇಕು ಎಂದು ಎಲ್ಲರೂ ಹೇಳಿದ್ದರು. ನನಗೇನು ಬೇಕು ಎಂದು ಕೇಳಿದವರು ಯಾರೂ ಇರಲಿಲ್ಲ.

ಅವಳು ಎರಡು ದೊಡ್ಡ ಹಾಳೆ ಗೋಡೆಗೆ ಅಂಟಿಸಿದಳು. ಒಂದು ಬೂದು, ಒಂದು ಹಸಿರು. ಈಗ ನಡೆಯುತ್ತಿರುವುದೇ ಹೀಗೇ ನಡೆದರೆ ಶಾಲೆ ಏನಾಗುತ್ತದೆ, ಅದು ಬೂದು ಹಾಳೆಗೆ. ನಮಗೆ ಬೇಕಾದ ಶಾಲೆ ಹಸಿರು ಹಾಳೆಗೆ. ಆಗಿಹೋಗಿದೆ ಎಂಬಂತೆ ಬರೆಯಿರಿ, ಕಣ್ಣಿಗೆ ಕಾಣಬೇಕು ಅಂದಳು.

ಬೂದು ಹಾಳೆಯನ್ನು ನಾವು ತುಂಬಿದ ರೀತಿಯನ್ನು ಹೇಳಬೇಕು. ನಮ್ಮ ಕೇರಿಯಲ್ಲಿ ಒಂದು ರೂಢಿಯಿದೆ. ಬಂಡೆಗೆ ಇಳಿಯುವ ಮೊದಲು ಗುಂಪಿನಲ್ಲಿ ಹಿರಿಯ ಹೆಂಗಸು ಕಡಲಿಗೆ ಮುಖ ಮಾಡಿ, ಆಗಬಾರದ್ದನ್ನೆಲ್ಲ ಆಗಿಹೋಯಿತು ಎನ್ನುವಂತೆ ಗಟ್ಟಿಯಾಗಿ ಹೇಳುತ್ತಾಳೆ. ಇವತ್ತು ಅಲೆ ರೊಸೆಂದಾಳನ್ನು ಎಳೆದುಕೊಂಡು ಹೋಯಿತು, ಇವಳ ಕಾಲು ಮುರಿಯಿತು, ಅವಳ ಕೂಸು ತಬ್ಬಲಿಯಾಯಿತು ಎಂದು ಹೆಸರು ಹಿಡಿದು ಹೇಳುತ್ತಾಳೆ. ಹೇಳಿದ ಕೇಡು ನಾಚಿಕೊಂಡು ದೂರ ಉಳಿಯುತ್ತದೆ ಎಂದು ನಂಬಿಕೆ. ಅರ್ಧ ಹೇಳಿ ಬಿಟ್ಟರೆ ಉಳಿದರ್ಧ ಬರುತ್ತದೆ. ಆದ್ದರಿಂದ ಚೂರೂ ಬಿಡದೆ ಹೇಳಬೇಕು. ನಾನು ಚಿಕ್ಕಂದಿನಿಂದ ಎಷ್ಟು ಸಲ ಕಡಲಪಾಲಾಗಿದ್ದೇನೋ.

ಹಾಗೇ ಬರೆದೆವು. ಪೆನ್ನು ಹಿಡಿದವಳು ನಾನು, ಉಳಿದವರು ಹೇಳಿದರು. ಪುನಿಲ್ವೆ ಶಾಲೆ ಮುಚ್ಚಿತು. ಮಕ್ಕಳನ್ನು ಪಟ್ಟಣದ ಶಾಲೆಗೆ ಸೇರಿಸಿದರು. ಬೆಳಕು ಹರಿಯುವ ಮೊದಲೇ ಬಸ್ಸು ಬಂತು. ಮಕ್ಕಳು ನಿದ್ದೆಗಣ್ಣಲ್ಲಿ ವಾಂತಿ ಮಾಡಿಕೊಂಡರು. ಶಾಲೆಯ ಕಟ್ಟಡವನ್ನು ಪಾಚಿ ವ್ಯಾಪಾರಿಯೊಬ್ಬ ಗೋದಾಮು ಮಾಡಿಕೊಂಡ. ಕಿಟಕಿಯ ಗಾಜು ಹೋಯಿತು, ಬೆಂಚು ಹೋಯಿತು ಎಂದು ಒಂದೂ ಬಿಡದೆ ಬರೆದೆವು. ಬರೆದಷ್ಟೂ ಎದೆ ಹಗುರಾಯಿತು. ಮಾಕರೆನಾ ಬೆರಗಾದಳು. ಇಷ್ಟು ಧೈರ್ಯವಾಗಿ ಬೂದು ಹಾಳೆ ತುಂಬಿದವರನ್ನು ತಾನು ಕಂಡೇ ಇಲ್ಲ ಅಂದಳು. ಇದು ಧೈರ್ಯವಲ್ಲ ಮಗಳೇ, ಅಭ್ಯಾಸ ಎಂದು ನಾವು ನಕ್ಕೆವು. ಕೆಳಗೆ ನಾಲ್ವರೂ ಸಹಿ ಹಾಕಿದೆವು. ಕಡಲಿಗೆ ಹೇಳಿದ ಮಾತನ್ನು ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಇದನ್ನು ಎತ್ತಿಕೊಂಡು ಹೋಗುವವರು ಇದ್ದಾರೆ ಎಂದು ನಮಗೆ ಹೊಳೆಯಲಿಲ್ಲ.

ಹಸಿರು ಹಾಳೆಗೆ ಮರುದಿನ ಕೂತೆವು. ಅದು ಕಷ್ಟವಾಯಿತು. ಬೇಕು ಅನ್ನುವುದೇ ನಮಗೆ ಮರೆತುಹೋಗಿತ್ತು. ಒಬ್ಬರು ಸೋರದ ಮಾಡು ಅಂದರು. ಒಬ್ಬರು ಕಡಲಿಳಿತದ ವಾರದಲ್ಲಿ ಬಂಡೆಯ ಮೇಲೇ ಪಾಠ ಅಂದರು. ಒಬ್ಬರು ನಮ್ಮ ಕೇರಿಯ ಭಾಷೆ ಆಡಲು ನಾಚಿಕೆಪಡದ ಮಕ್ಕಳು ಅಂದರು. ನಾನು ಬರೆದೆ: ಯಾವ ಮಗುವಿಗೂ ನೀನು ಇವತ್ತು ಬರಬೇಡ ಎಂದು ಹೇಳದ ಶಾಲೆ. ದೋನ್ ಲಿಸಾರ್ದೊ ಅದನ್ನು ಓದಿ ಎದ್ದು ಒಲೆಗೆ ಸೌದೆ ಹಾಕಲು ಹೋದರು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಹೋಗುವಾಗ ಮಾಕರೆನಾ ಎರಡೂ ಹಾಳೆಗಳನ್ನು ಸುರುಳಿ ಸುತ್ತಿಕೊಂಡಳು. ಭವಿಷ್ಯಕ್ಕೆ ಕಾಯಬೇಡಿ, ಬೇಕಾದ ನಾಳೆಯಿಂದ ಒಂದು ತುಂಡನ್ನು ಇವತ್ತೇ ಮಾಡಿಬಿಡಿ ಅಂದಳು. ನಾನು ಆ ಮಾತನ್ನು ನಂಬಿದೆ. ಅವಳೂ ನಂಬಿದ್ದಳು, ಅದರಲ್ಲಿ ನನಗೆ ಅನುಮಾನವಿಲ್ಲ.

ಪರೀಕ್ಷೆ ಬಂತು. ದೋನ್ ಲಿಸಾರ್ದೊ ನನ್ನನ್ನು ಕರೆದು, ಎದೂವಿ ಅಜ್ಜಿ ನಿನಗೆ ಸಂಬಂಧ, ನೀನೇ ಹೋಗಿ ಹೇಳು ಅಂದರು. ಇನ್ನೊಂದು ಸಲ ಕೆಂಪು ಬಂದರೆ ಶಾಲೆಗೆ ಕುತ್ತು ಎಂದು ಕಚೇರಿಯವರು ಹೇಳಿದ್ದಾರೆ ಅಂದರು. ನಾನು ಹೋದೆ. ಅಜ್ಜಿ ಅಂಗಳದಲ್ಲಿ ಪಾಚಿ ತಿರುವಿ ಹಾಕುತ್ತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ಅರ್ಥವಾಯಿತು.

"ಜ್ವರ ಹೇಳಕ್ಕೆ ಬಂದ್ಯಾ?" ಅಂದಳು. "ನಾನು ಸಣ್ಣೋಳಿದ್ದಾಗ್ಲೂ ಇನ್‌ಸ್ಪೆಕ್ಟ್ರು ಬತ್ತಾರೆ ಅಂದ್ರೆ ನಮ್ಮನ್ನ ಹಿತ್ತಲಿಗೆ ಓಡಿಸೋರು. ಆಗ ಓಡಿಸ್ತಿದ್ದೋರು ಹೊರಗಿನೋರು ಕಣವ್ವ. ಈಗ ನಮ್ಮೋಳೇ ಬಂದವಳೆ."

ಚಾಟಿಯಲ್ಲಿ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ನಾಳೆ ಅವಳ ತಲೆ ಬಾಚಿ ಬೇಗ ಸಿದ್ಧ ಮಾಡಿ, ನಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಬಂದೆ.

ಮರುದಿನ ಅವಳ ಕೈ ಹಿಡಿದುಕೊಂಡೇ ಗೇಟು ದಾಟಿದೆ. ಹೆಡ್‌ಮಾಸ್ಟರ್ ತರಗತಿಯ ಬಾಗಿಲಲ್ಲಿ ನಿಂತಿದ್ದರು. ಪಟ್ಟಣದಿಂದ ಪ್ರಶ್ನೆಪತ್ರಿಕೆ ತಂದವನು ಒಳಗಿದ್ದ. ಅವನಿಗೆ ಕೇಳಿಸದಂತೆ, ರೊಸೆಂದಾ, ಇವಳನ್ನ ಮನೆಗೆ ಬಿಟ್ಟು ಬಾ ಅಂದರು.

"ಬಿಡಲ್ಲ," ಅಂದೆ.

"ಶಾಲೆ ಹೋಗುತ್ತೆ."

"ಇವಳನ್ನ ಹೊರಗೆ ನಿಲ್ಲಿಸಿ ಉಳಿಸ್ಕೊಳ್ಳೋದಾದ್ರೆ ಅದು ಯಾರ ಶಾಲೆ ದೋನ್ ಲಿಸಾರ್ದೊ?"

ಅವರು ಒಮ್ಮೆ ಒಳಗಿದ್ದವನ ಕಡೆ, ಒಮ್ಮೆ ಹುಡುಗಿಯ ಕಡೆ ನೋಡಿದರು. ಆಮೇಲೆ ಪಕ್ಕಕ್ಕೆ ಸರಿದರು. ದೋರಲಿಸ ಹೋಗಿ ತನ್ನ ಎಡತುದಿಯಲ್ಲಿ ಕೂತಳು. ಬೇರೆ ಮಕ್ಕಳು ಮುಗಿಸಿ ಎದ್ದರೂ ಅವಳು ಏಳಲಿಲ್ಲ. ಗಂಟೆ ಹೊಡೆದ ಮೇಲೆ ಹೊರಗೆ ಓಡಿಬಂದು, ಚಿಕ್ಕಮ್ಮಾ, ನನ್ನ ಹೆಸರು ಅಪ್ಪನ ಮನೆತನ ಅಮ್ಮನ ಮನೆತನ ಎಲ್ಲಾ ಸೇರಿಸಿ ಪೂರ್ತಿ ಬರೆದೆ ಅಂದಳು. ಆ ದಿನ ನಾನು ಸಂತೋಷವಾಗಿದ್ದೆ. ನನ್ನ ನೌಕರಿಯಲ್ಲಿ ಅಷ್ಟು ತಲೆಯೆತ್ತಿ ನಡೆದ ದಿನ ಇನ್ನೊಂದಿಲ್ಲ.

ಬಣ್ಣ ಮತ್ತೆ ಕೆಂಪೇ ಬಂತು. ಚಿಕ್ಕ ಶಾಲೆ, ಒಂದು ಮಗುವಿನ ಅಂಕ ಎಲ್ಲರ ಅಂಕವನ್ನೂ ಕೆಳಗೆ ಎಳೆಯುತ್ತದೆ. ನಮ್ಮಲ್ಲಿ ಬೇಸಿಗೆ ಬರುವುದು ಡಿಸೆಂಬರಿಗೆ; ಬೇಸಿಗೆ ರಜೆ ಶುರುವಾಗುವ ಮೊದಲು ಕಚೇರಿಯಿಂದ ಒಲಿವಾರೆಸ್ ಎಂಬ ಅಧಿಕಾರಿ ಬಂದ. ಕೇರಿಯವರನ್ನೆಲ್ಲ ಶಾಲೆಯಲ್ಲಿ ಸೇರಿಸಿದ. ಪಾಚಿಯ ಬಟ್ಟೆಯಲ್ಲೇ ಬಂದು ಕೂತ ಜನ. ಅವನು ಗೋಡೆಯ ಮೇಲೆ ಬೆಳಕು ಬಿಟ್ಟು ತೋರಿಸಿದ. ಮೂಡಿದ್ದು ನಮ್ಮ ಬೂದು ಹಾಳೆ. ನನ್ನ ಅಕ್ಷರ, ನಮ್ಮ ನಾಲ್ವರ ಸಹಿ.

ಶಿಕ್ಷಕರು ತಾವಾಗಿಯೇ ಶಾಲೆಯ ಮುಂದಿನ ದಾರಿಯನ್ನು ಕಂಡಿದ್ದಾರೆ ಅಂದ. ಮುಚ್ಚುವುದು, ಪಟ್ಟಣಕ್ಕೆ ಸೇರಿಸುವುದು, ಬಸ್ಸು, ಕಟ್ಟಡದ ಮರುಬಳಕೆ, ಎಲ್ಲವನ್ನೂ ವಿವರವಾಗಿ ಕೊಟ್ಟಿದ್ದಾರೆ, ಇಷ್ಟು ಅಚ್ಚುಕಟ್ಟಾದ ಯೋಜನೆ ಬೇರೆ ಯಾವ ಶಾಲೆಯಿಂದಲೂ ಬಂದಿಲ್ಲ ಅಂದ. ಗೋದಾಮಿಗೆ ಒಬ್ಬ ವ್ಯಾಪಾರಿ ಸಿಕ್ಕಿಯೂ ಆಗಿತ್ತು. ನಮ್ಮನ್ನು ಕಿಂಡಲ್ ಮಾಡುತ್ತಿದ್ದಾನೆ ಅಂದುಕೊಂಡೆ. ಇಲ್ಲ, ಅವನು ಮನಸ್ಸಿನಿಂದಲೇ ಹೊಗಳುತ್ತಿದ್ದ.

ನಾನು ಎದ್ದೆ. ಅದು ಆಗಬಾರದು ಎಂದು ಬರೆದದ್ದು ಅಂದೆ. ನಮ್ಮ ರೂಢಿ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅವನ ಕಿವಿಯಲ್ಲಿ ಅದು ಹೇಗೆ ಕೇಳುತ್ತಿದೆ ಎಂದು ಗೊತ್ತಾಯಿತು. ಓದಿದ ಹೆಂಗಸು, ಕಡಲಿಗೆ ಹೇಳುವ ಮಾತು ಅನ್ನುತ್ತಿದ್ದಾಳೆ.

"ಇದು ನಿಮ್ಮ ಕೈಬರಹ ಹೌದೋ ಅಲ್ವೋ ಮೇಡಂ?" ಅಂದ.

ಹೌದು ಅಂದೆ. ಹಾಗಾದರೆ ಹಸಿರು ಹಾಳೆ ಎಲ್ಲಿ ಎಂದು ಕೇಳಿದೆ. ಅವನು ಸಮಾಧಾನವಾಗಿಯೇ ಉತ್ತರ ಕೊಟ್ಟ.

"ನೋಡಿದೀನಿ ಮೇಡಂ, ತುಂಬಾ ಚೆನ್ನಾಗಿದೆ. ಆದ್ರೆ ಅದರಲ್ಲಿ ಅಳೆಯೋಕೆ ಬರೋಂಥದ್ದು ಏನೂ ಇಲ್ಲ. ಅಳೆಯೋಕೆ ಬರದೇ ಇರೋದನ್ನ ವರದಿಗೆ ಸೇರಿಸೋ ಹಾಗಿಲ್ಲ."

ಹಿಂದಿನಿಂದ ಎದೂವಿ ಅಜ್ಜಿ ಕೂತಲ್ಲಿಂದಲೇ ಮಾತಾಡಿದಳು. "ಅಪ್ಪಾ, ಅಲೆ ನನ್ನ ಎಳ್ಕೊಂಡೋಯ್ತು ಅಂತ ನಾನು ದಿನಾ ಹೇಳ್ತೀನಿ. ಹಂಗಂತ ನೀನು ಬಂದು ನನ್ನ ನೀರಿಗೆ ದಬ್ತೀಯಾ?"

ಕೇರಿ ನಕ್ಕಿತು. ಅವನೂ ನಕ್ಕ. ಅಜ್ಜಿಯ ಮಾತನ್ನೂ ಬರೆದುಕೊಂಡ, ಸಮುದಾಯದ ಅಭಿಪ್ರಾಯ ಕೇಳಲಾಯಿತು ಎಂದು ಆಮೇಲೆ ಅದೂ ವರದಿಗೆ ಹೋಯಿತು. ಕೊನೆಗೆ ಮುಚ್ಚುವ ಪತ್ರಕ್ಕೆ ನಮ್ಮ ಸಹಿ ಕೇಳಿದ. ಮೂವರು ಹಾಕಿದರು. ಅವರನ್ನು ನಾನು ಬೈಯುವುದಿಲ್ಲ, ಎಲ್ಲರ ಮನೆಯಲ್ಲೂ ಒಲೆಯಿದೆ. ನಾನು ಹಾಕುವುದಿಲ್ಲ ಅಂದೆ. ಪೆನ್ನನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ನಿಂತೆ. ಜೀವಮಾನದಲ್ಲಿ ಅಧಿಕಾರಿಯೊಬ್ಬನಿಗೆ ಇಲ್ಲ ಅಂದದ್ದು ಅದೇ ಮೊದಲು. ಏನಾದರೂ ಆಗುತ್ತದೆ, ಬೈಯುತ್ತಾನೆ, ಕೆಲಸದಿಂದ ತೆಗೆಯುತ್ತಾನೆ ಎಂದು ಕಾದೆ. ಪರವಾಗಿಲ್ಲ ಮೇಡಂ, ಹಳೇ ಹಾಳೆಯಲ್ಲಿ ನಿಮ್ಮ ಸಹಿ ಇದೆಯಲ್ಲ ಅಂದು ಪತ್ರ ಮಡಚಿಕೊಂಡ.

ಮಾಕರೆನಾಗೆ ಫೋನ್ ಮಾಡಿದೆ. ಹುಡುಗಿ ಅತ್ತಳು. ಅದಕ್ಕಲ್ಲ ನಾನು ಬರೆಸಿದ್ದು, ಅದಕ್ಕಲ್ಲ ಅಂದಳು. ಹಾಳೆಗಳನ್ನು ಒಪ್ಪಿಸುವುದಷ್ಟೇ ತನ್ನ ಕೆಲಸ, ಒಪ್ಪಿಸಿದ ಮೇಲೆ ಅವು ಕಚೇರಿಯವು ಅಂದಳು. ಅವಳ ಶಿಬಿರಕ್ಕೂ ಅಂಕ ಹಾಕಿದ್ದರಂತೆ. ಶಿಕ್ಷಕರು ಬರೆದದ್ದರಲ್ಲಿ ಎಷ್ಟು ನಿಜವಾಯಿತು ಎಂಬುದರ ಮೇಲೆ ಅಂಕ. ನಮ್ಮ ಶಾಲೆಯಿಂದ ಅವಳಿಗೆ ಪೂರ್ತಿ ಬಂದಿತ್ತು. ಅದನ್ನು ಅವಳು ಅಳುತ್ತಲೇ ಹೇಳಿದಳು. ಯಾರನ್ನು ಬೈಯಬೇಕೋ ತಿಳಿಯದೆ ನಾನು ಅವಳಿಗೇ ಸಮಾಧಾನ ಹೇಳಿ ಫೋನ್ ಇಟ್ಟೆ.

ರಜೆ ಮುಗಿದು ಮಾರ್ಚಿನಲ್ಲಿ ಬಸ್ಸು ಬಂತು. ಬೆಳಕು ಹರಿದಿರಲಿಲ್ಲ. ದೋನ್ ಲಿಸಾರ್ದೊಗೆ ನಿವೃತ್ತಿ ಕೊಟ್ಟರು, ನನ್ನನ್ನು ಪಟ್ಟಣದ ಹಸಿರು ಶಾಲೆಗೆ ಹಾಕಿದರು. ಮಕ್ಕಳ ಜೊತೆ ನಾನೂ ಅದೇ ಬಸ್ಸಿನಲ್ಲಿ. ತಿರುವುಗಳಲ್ಲಿ ವಾಂತಿ ಮಾಡುವ ಚಿಕ್ಕವರಿಗೆ ಚೀಲ ಹಿಡಿಯುತ್ತಿದ್ದೆ. ಆ ಶಾಲೆಯಲ್ಲಿ ನಮ್ಮ ಮಕ್ಕಳು ಬಂದರೆ ಬೇರೆಯವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ಪಾಚಿ ಬಂತು ಎಂದು ಕೂಗುತ್ತಿದ್ದರು. ದೋರಲಿಸಳ ತರಗತಿ ನನ್ನದಾಗಿರಲಿಲ್ಲ. ಅವಳನ್ನು ಕೊನೆಯ ಬೆಂಚಿಗೆ ಹಾಕಿದ್ದರು, ಕೇಳದ ಕಿವಿ ಟೀಚರ ಕಡೆಗಿತ್ತು. ನಾನು ಹೋಗಿ ಆ ಟೀಚರಿಗೆ ಹೇಳಿದೆ. ನಿಮ್ಮ ತರಗತಿ ನೋಡಿಕೊಳ್ಳಿ ಅಂದರು.

ಅವಳು ಇನ್ನೊಂದು ಸಲ ಹೇಳಿ ಅನ್ನುವುದನ್ನು ಬಿಟ್ಟಳು. ಬಸ್ಸಿನಲ್ಲಿ ನನ್ನ ಪಕ್ಕ ಕೂರುವುದನ್ನೂ ಬಿಟ್ಟಳು. ನಮ್ಮ ಕೇರಿಯ ಮಕ್ಕಳೇ ಅವಳನ್ನು ದೂರ ಇಟ್ಟಿದ್ದರು. ಯಾಕೆ ಎಂದು ಕೇಳಿದರೆ ಚೀಲ ಎತ್ತಿಕೊಂಡು ಬೇರೆ ಸೀಟಿಗೆ ಹೋಗುತ್ತಿದ್ದರು.

ನವೆಂಬರಿನಲ್ಲಿ ಪರೀಕ್ಷೆ. ಆ ಶಾಲೆಯಲ್ಲಿ ಯಾರ ಯಾರ ಮನೆಗೆ ಜ್ವರದ ಸುದ್ದಿ ಹೋಯಿತೋ ನನಗೆ ತಿಳಿಸಲಿಲ್ಲ. ಎದೂವಿ ಅಜ್ಜಿಯ ಮನೆಗೆ ಯಾರೂ ಬಂದಿರಲಿಲ್ಲ, ಅದನ್ನು ನಾನೇ ಕೇಳಿ ತಿಳಿದುಕೊಂಡಿದ್ದೆ. ಆ ಬೆಳಿಗ್ಗೆ ಬಸ್ಸು ಅವಳ ಮನೆಯ ತಿರುವಿನಲ್ಲಿ ನಿಂತಾಗ ದೋರಲಿಸ ಇರಲಿಲ್ಲ. ಡ್ರೈವರ್ ಹಾರ್ನ್ ಹೊಡೆದ. ಇಳಿದು ಓಡಿದೆ. ಅಜ್ಜಿ ಕಡಲಿಳಿತಕ್ಕೆ ಬಂಡೆಗೆ ಹೋಗಿದ್ದಳು. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು.

ಬಾಗಿಲು ಬಡಿದೆ. ದೋರಲಿಸಾ, ಬಾ ಮಗಳೇ, ಇವತ್ತು ನೀನು ಬರಲೇಬೇಕು, ನಾನು ಜೊತೆಗಿರ್ತೀನಿ ಅಂದೆ. ಯಾರು ಬರಬೇಡ ಅಂದರು ಹೇಳು, ನಾನು ಅವರನ್ನು ಕೇಳ್ತೀನಿ ಅಂದೆ. ಒಳಗೆ ಉಸಿರಾಡುವುದು ಕೇಳುತ್ತಿತ್ತು. ಬಾಗಿಲಿಗೆ ಅಂಟಿಕೊಂಡೇ ನಿಂತಿದ್ದಳು.

"ಯಾರೂ ಹೇಳಿಲ್ಲ ಚಿಕ್ಕಮ್ಮ," ಅಂದಳು. "ಹೋದ ವರ್ಷ ನಾನು ಬಂದಿದ್ದಕ್ಕೇ ನಮ್ಮ ಸ್ಕೂಲ್ ಮುಚ್ಚಿದ್ದು. ಇವತ್ತೂ ಬಂದ್ರೆ ಪಟ್ಟಣದ್ದನ್ನೂ ಮುಚ್ತಾರೆ. ಆಮೇಲೆ ಇವ್ರೆಲ್ಲಾ ಎಲ್ಲಿಗೆ ಹೋಗ್ತಾರೆ?"

ಅಲ್ಲ, ನಿನ್ನಿಂದಲ್ಲ, ನಿನ್ನಿಂದಲ್ಲ ಎಂದು ನಾನು ಆ ಬಾಗಿಲಿಗೆ ಎಷ್ಟು ಸಲ ಹೇಳಿದೆನೋ. ನನ್ನ ಬಾಯಿ ಯಾವ ಕಿವಿಯ ಕಡೆಗಿತ್ತೋ ನನಗೆ ತಿಳಿಯದು. ರಸ್ತೆಯಲ್ಲಿ ಬಸ್ಸಿನವನು ಹಾರ್ನ್ ಹೊಡೆಯುತ್ತಲೇ ಇದ್ದ.

"ಹೋಗಿ ಚಿಕ್ಕಮ್ಮ," ಅಂದಳು. "ನಿಮಗೆ ಲೇಟಾಗುತ್ತೆ."